ಗಲ್ಫ್‌ಗೆ ಹೊರಟಿದ್ದೀರಾ? ಊರಿನ ಸಿಮ್ ಬಂದ್ ಆಗದಂತೆ ನೋಡಿಕೊಳ್ಳಿ

ಭಟ್ಕಳ, ಬೈಂದೂರು, ಕುಂದಾಪುರ ಕಡೆಯಿಂದ ಗಲ್ಫ್‌ಗೆ ಕೆಲಸಕ್ಕೆ ಹೋಗುವವರು, ಉಮ್ರಾಗೆ ಹೋಗುವವರು, ಮಗಳ ಬಾಣಂತನಕ್ಕೆಂದು ದುಬೈ ವಿಮಾನ ಹತ್ತುವ ಅಮ್ಮಂದಿರು, ಹೆಚ್ಚಿನವರು ಮೊದಲು ಕೇಳುವುದು ಒಂದೇ: 'ಅಲ್ಲಿ ನೆಟ್‌ಗೆ ಏನ್ ಮಾಡೋದು?'

ನೆಟ್ ದೊಡ್ಡ ವಿಷಯ ಅಲ್ಲ. ವಿಮಾನ ಇಳಿದ ಮೇಲೆ ಪಾಸ್‌ಪೋರ್ಟ್ ತೋರಿಸಿದರೆ ಅಲ್ಲಿನ ಸಿಮ್ ಸಿಗುತ್ತದೆ. ಸೌದಿಯಲ್ಲಾದರೆ ಬೆರಳಚ್ಚು ಕೂಡ ಕೊಡಬೇಕು. ನಿಜವಾದ ತಲೆನೋವು ಜೇಬಿನಲ್ಲಿರುವ ಊರಿನ ಸಿಮ್‌ದು. ಬ್ಯಾಂಕ್ ಒಟಿಪಿ, ಆಧಾರ್ ಒಟಿಪಿ, ಫೋನ್‌ಪೇ, ಗೂಗಲ್‌ಪೇ, ವಾಟ್ಸ್‌ಆ್ಯಪ್ ಎಲ್ಲಾ ನಿಂತಿರುವುದು ಆ ಒಂದು ನಂಬರಿನ ಮೇಲೆ.

ಅದನ್ನು ತೆಗೆದು ಪರ್ಸಿನಲ್ಲಿಟ್ಟು ಮರೆತರೆ ಏನಾಗುತ್ತದೆ? ಟ್ರಾಯ್ ನಿಯಮದ ಪ್ರಕಾರ ಪ್ರಿಪೇಯ್ಡ್ ನಂಬರಿನಲ್ಲಿ 90 ದಿನ ಕಾಲ್, ಮೆಸೇಜ್, ಡೇಟಾ ಯಾವುದೂ ನಡೆಯದಿದ್ದರೆ ಕಂಪನಿ ಅದನ್ನು ಬಂದ್ ಮಾಡಬಹುದು. 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಹಿಡಿದುಕೊಂಡು 30 ದಿನ ಮುಂದಕ್ಕೆ ಹಾಕುತ್ತಾರೆ, ಅಷ್ಟೇ. ನಂಬರ್ ಪೂರ್ತಿ ಬಂದ್ ಆಯಿತೆಂದರೆ ಕೆಲವು ತಿಂಗಳ ಮೇಲೆ ಅದು ಬೇರೆ ಯಾರದೋ ಕೈಗೆ ಹೋಗುತ್ತದೆ. ಆಮೇಲೆ ನಿಮ್ಮ ಬ್ಯಾಂಕಿನ ಮೆಸೇಜ್ ಗುರುತು ಪರಿಚಯ ಇಲ್ಲದವರ ಫೋನಿಗೆ ಬೀಳುತ್ತದೆ. ಆಧಾರ್‌ನಲ್ಲೂ ನಂಬರ್ ಬದಲಿಸಬೇಕಾಗುತ್ತದೆ.

ಇಲ್ಲಿ ಬಹಳ ಜನ ಮೋಸ ಹೋಗುವ ಒಂದು ವಿಷಯ ಇದೆ. ಮಗ ದೂರದಲ್ಲಿದ್ದಾನೆ ಅಂತ ಮನೆಯವರು ಅಂಗಡಿಗೆ ಬಂದು ತಪ್ಪದೆ ರೀಚಾರ್ಜ್ ಮಾಡಿಸುತ್ತಾರೆ. ನಂಬರ್ ಉಳಿಯಲು ಅದು ಬೇಕೇ ಬೇಕು. ಆದರೆ ಊರಿನ ಮಾಮೂಲಿ ಪ್ಲಾನ್ ಇದ್ದ ಮಾತ್ರಕ್ಕೆ ಅಲ್ಲಿ ಸಿಗ್ನಲ್ ಬರುವುದಿಲ್ಲ. ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಆಗಿರಬೇಕು, ಕೆಲವು ಕಂಪನಿಗಳಲ್ಲಿ ಅದಕ್ಕೆ ಬೇರೆ ಪ್ಯಾಕ್ ಹಾಕಿಸಬೇಕು. ರೀಚಾರ್ಜ್ ಅಂಗಡಿಯವರು ದುಡ್ಡು ತಗೊಳ್ಳುವಾಗ 'ರೋಮಿಂಗ್ ಆನ್ ಇದೆಯಾ?' ಅಂತ ಒಂದು ಮಾತು ಕೇಳಿದರೆ ಎಷ್ಟೋ ಜನರ ಪೇಚಾಟ ತಪ್ಪುತ್ತದೆ.

ರೋಮಿಂಗ್ ಆನ್ ಮಾಡಿದರೆ ಬಿಲ್ ಏರುತ್ತದೆ ಎಂಬ ಹೆದರಿಕೆ ಸುಳ್ಳಲ್ಲ. ಆದರೆ ಏರುವುದು ಡೇಟಾದಿಂದ ಮತ್ತು ಕಾಲ್‌ನಿಂದ. ಬರುವ ಮೆಸೇಜ್‌ಗೆ ಸಾಮಾನ್ಯವಾಗಿ ಚಾರ್ಜ್ ಇಲ್ಲ. ಹಾಗಾಗಿ ಎರಡು ಸಿಮ್‌ನ ಫೋನಿನಲ್ಲಿ ಅಲ್ಲಿನ ಸಿಮ್‌ಗೆ ಡೇಟಾ ಕೊಟ್ಟು, ಊರಿನ ಸಿಮ್‌ನ 'ಡೇಟಾ ರೋಮಿಂಗ್' ಆಫ್ ಮಾಡಿ ಬಿಡಿ. ಒಟಿಪಿ ಬರುತ್ತಿರುತ್ತದೆ. ಊರಿನ ನಂಬರಿಗೆ ಬರುವ ಕಾಲ್ ಎತ್ತಿದರೆ ಮಾತ್ರ ನಿಮಗೇ ಚಾರ್ಜ್. ದುಬೈನಲ್ಲಿ ಕೂತು 'ಸಾರ್, ಲೋನ್ ಬೇಕಾ?' ಎಂಬ ಕಾಲ್ ಎತ್ತಿ ಅದಕ್ಕೂ ದುಡ್ಡು ಕೊಟ್ಟವರಿಗೆ ಇದು ಗೊತ್ತು.

ಸಿಮ್ ಮನೆಯಲ್ಲೇ ಒಂದು ಕೀಪ್ಯಾಡ್ ಫೋನಿಗೆ ಹಾಕಿಟ್ಟು, ಒಟಿಪಿ ಬಂದಾಗ ತಂಗಿ ಓದಿ ಹೇಳುವ ಪದ್ಧತಿಯೂ ಇದೆ. ಸುಲಭ ಹೌದು, ಆದರೆ ಒಟಿಪಿಯನ್ನು ಮನೆಯವರಿಗೂ ಹೇಳಬೇಡಿ ಅನ್ನುವುದು ಬ್ಯಾಂಕಿನ ಮಾತು. ಜೊತೆಗೆ ಯುಪಿಐ ಆ್ಯಪ್ ಹೊಸ ಫೋನಿಗೆ ಹಾಕುವಾಗ ಅದೇ ಸಿಮ್‌ನಿಂದ, ಅದೇ ಫೋನಿನಿಂದ ಮೆಸೇಜ್ ಹೋಗಬೇಕು. ಸಿಮ್ ಊರಲ್ಲಿ, ಫೋನ್ ದೋಹಾದಲ್ಲಿ ಇದ್ದರೆ ಆಗುವ ಕೆಲಸ ಅಲ್ಲ. ವರ್ಷಗಟ್ಟಲೆ ಇರುವವರು ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಮಾಡಿಸಿ, ಅದಕ್ಕೆ ಅಲ್ಲಿನ ನಂಬರನ್ನೇ ಕೊಡುವುದು ವಾಸಿ. ಇಂಥ ಖಾತೆಗೆ ಹೊರದೇಶದ ನಂಬರಿನಲ್ಲೇ ಯುಪಿಐ ಕೊಡಲು ಎನ್‌ಪಿಸಿಐ 2023ರ ಜನವರಿಯಲ್ಲಿ 10 ದೇಶಗಳಿಗೆ ದಾರಿ ಮಾಡಿಕೊಟ್ಟಿತು. ಯುಎಇ, ಸೌದಿ, ಕತಾರ್, ಒಮಾನ್ ಅದರಲ್ಲಿವೆ. ನಿಮ್ಮ ಬ್ಯಾಂಕಿನಲ್ಲಿ ಈ ಸೌಲಭ್ಯ ಶುರುವಾಗಿದೆಯೇ ಎಂದು ಹೊರಡುವ ಮೊದಲೇ ಕೇಳಿ.

ಸಿಮ್ ಹಳೆಯದಾಗಿದ್ದರೆ, ಇ-ಸಿಮ್‌ಗೆ ಬದಲಾಗಬೇಕಿದ್ದರೆ ಹೊರಡುವ ದಿನ ಮಾಡಿಸಬೇಡಿ. ಸಿಮ್ ಬದಲಿಸಿದ ಮೇಲೆ 24 ಗಂಟೆ ಮೆಸೇಜ್ ಬಂದ್ ಇರುತ್ತದೆ. ವಾರದ ಮೊದಲೇ ಮುಗಿಸಿಕೊಳ್ಳಿ. ಫೋನಿನಲ್ಲಿರುವ ನಂಬರುಗಳ ಮುಂದೆ +91 ಇದೆಯೇ ನೋಡಿ. ಬರೀ ಹತ್ತಂಕಿ ಇದ್ದರೆ ಅಲ್ಲಿನ ಸಿಮ್‌ನಿಂದ ಮನೆಗೆ ಕಾಲ್ ಹೋಗುವುದಿಲ್ಲ.

ವಾಟ್ಸ್‌ಆ್ಯಪ್ ನಂಬರ್ ಬದಲಿಸುವ ಅಗತ್ಯ ಇಲ್ಲ, ಅಲ್ಲಿನ ನೆಟ್‌ನಲ್ಲೇ ಊರಿನ ನಂಬರ್ ನಡೆಯುತ್ತದೆ. ಟು-ಸ್ಟೆಪ್ ಪಿನ್ ಮಾತ್ರ ಹಾಕಿಡಿ. ಆದರೆ ಯುಎಇಯಲ್ಲಿ ವಾಟ್ಸ್‌ಆ್ಯಪ್ ಕಾಲ್ ಹೋಗುವುದಿಲ್ಲ, ಮೆಸೇಜ್ ಮತ್ತು ವಾಯ್ಸ್ ನೋಟ್ ಹೋಗುತ್ತವೆ. ಅಲ್ಲಿ ಅನುಮತಿ ಇರುವ ಬೋಟಿಮ್‌ನಂಥ ಆ್ಯಪ್ ಬೇಕು. ಅಮ್ಮನ ಫೋನಿಗೂ ಅದನ್ನು ಹಾಕಿ, ಒಮ್ಮೆ ಮಾತಾಡಿ ತೋರಿಸಿಯೇ ಹೊರಡಿ.

ಮನೆಯಲ್ಲಿ ಉಳಿದವರು +971 ಯುಎಇ, +966 ಸೌದಿ, +974 ಕತಾರ್, +965 ಕುವೈತ್ ಎಂದು ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಟ್ಟುಕೊಳ್ಳಿ. ಮಿಸ್ಡ್ ಕಾಲ್ ನೋಡಿ ತಿರುಗಿಸಿ ಮಾಡಿದರೆ ಐಎಸ್‌ಡಿ ದರ ಬೀಳುತ್ತದೆ, ವಾಟ್ಸ್‌ಆ್ಯಪ್ ಮೆಸೇಜ್ ಹಾಕಿದರೆ ಸಾಕು. ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಎರಡೂವರೆ ಗಂಟೆ. ಬೆಳಿಗ್ಗೆ 7ಕ್ಕೆ ತಿಂಡಿ ಆಯ್ತಾ ಅಂತ ಕಾಲ್ ಮಾಡಿದರೆ ರಿಯಾದ್‌ನಲ್ಲಿ ಇನ್ನೂ ನಾಲ್ಕೂವರೆ.