ವೈದ್ಯ ಸಹಾಯಕ ವ್ಯಾಸಂಗಕ್ಕೆ ಪೂರ್ವಭಾವಿ ಆರೋಗ್ಯಸೇವಾ ಅನುಭವ

ವೈದ್ಯ ಸಹಾಯಕ ವ್ಯಾಸಂಗಕ್ಕೆ ಪೂರ್ವಭಾವಿ ಆರೋಗ್ಯಸೇವಾ ಅನುಭವ ಎಂದರೆ ಫಿಜಿಷಿಯನ್ ಅಸಿಸ್ಟೆಂಟ್ ಅಥವಾ ವೈದ್ಯ ಸಹಾಯಕ ವೃತ್ತಿಯ ಶಿಕ್ಷಣಕ್ಕೆ ಸೇರುವ ಮುನ್ನ ಅಭ್ಯರ್ಥಿಯು ಆಸ್ಪತ್ರೆ, ಆರೋಗ್ಯ ಕೇಂದ್ರ, ಆಂಬುಲೆನ್ಸ್ ಅಥವಾ ಸಮುದಾಯದಲ್ಲಿ ರೋಗಿಗಳ ಸಮೀಪವಿದ್ದು ಗಳಿಸುವ ಅನುಭವ. ಅಮೆರಿಕ ಸಂಯುಕ್ತ ಸಂಸ್ಥಾನದ ಅನೇಕ ಕಾಲೇಜುಗಳು ಇದನ್ನು ಪ್ರವೇಶದ ಅರ್ಹತೆಗಳಲ್ಲಿ ಒಂದಾಗಿ ಪರಿಗಣಿಸುತ್ತವೆ. ಭಾರತದಲ್ಲಿ ಪದವಿಪೂರ್ವ ಶಿಕ್ಷಣದಲ್ಲಿ ವಿಜ್ಞಾನ ಓದಿದವರು ನೇರವಾಗಿ ಈ ಪದವಿಗೆ ಸೇರುವುದು ರೂಢಿಯಾದ್ದರಿಂದ ಪೂರ್ವಾನುಭವವು ಸಾಮಾನ್ಯವಾಗಿ ಕಡ್ಡಾಯವಲ್ಲ. ಆದರೂ ವೃತ್ತಿಯ ಸ್ವರೂಪ ಹಾಗೂ ಮಿತಿಗಳನ್ನು ಶುಲ್ಕ ಕಟ್ಟುವ ಮೊದಲೇ ತಿಳಿಯಲು ಇದು ನಂಬಬಹುದಾದ ಮಾರ್ಗ. ಈ ಲೇಖನವು ಉತ್ತರ ಕನ್ನಡ ಜಿಲ್ಲೆಯ ಕರಾವಳಿ ತಾಲ್ಲೂಕುಗಳಾದ ಭಟ್ಕಳ, ಹೊನ್ನಾವರ ಮತ್ತು ಕುಮಟಾಗಳ ಸಂದರ್ಭದಲ್ಲಿ ಈ ವಿಷಯವನ್ನು ವಿವರಿಸುತ್ತದೆ.

ವೃತ್ತಿಯ ಉಗಮ

ವೈದ್ಯ ಸಹಾಯಕ ವೃತ್ತಿಯು ಹುಟ್ಟಿದ್ದೇ ಅನುಭವಿಗಳಿಂದ. 1965ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯುಜೀನ್ ಸ್ಟೆಡ್ ಅವರು ಮೊದಲ ತರಗತಿಯನ್ನು ಆರಂಭಿಸಿದಾಗ, ನೌಕಾಪಡೆಯ ವೈದ್ಯಕೀಯ ವಿಭಾಗದಲ್ಲಿ ಸೇವೆ ಸಲ್ಲಿಸಿದ್ದ ನಾಲ್ವರನ್ನು ಆರಿಸಿಕೊಂಡರು. ಗಾಯಾಳುಗಳ ಶುಶ್ರೂಷೆಯನ್ನು ಕೈಯಾರೆ ಮಾಡಿ ಬಲ್ಲವರಿಗೆ ಶಾಸ್ತ್ರೀಯ ಶಿಕ್ಷಣ ನೀಡಿದರೆ, ವೈದ್ಯರ ಕೊರತೆಯನ್ನು ಕೆಲಮಟ್ಟಿಗೆ ತುಂಬಬಹುದೆಂಬುದು ಅದರ ಹಿಂದಿನ ವಿಚಾರ. ಅವರಲ್ಲಿ ಮೂವರು 1967ರಲ್ಲಿ ಶಿಕ್ಷಣವನ್ನು ಪೂರ್ಣಗೊಳಿಸಿದರು. ಪ್ರವೇಶಕ್ಕೆ ಮೊದಲೇ ಅನುಭವವನ್ನು ಕೇಳುವ ಪದ್ಧತಿಗೆ ಮೂಲ ಇಲ್ಲಿದೆ.

ಭಾರತದಲ್ಲಿ ಈ ಶಿಕ್ಷಣವು 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್ ಸಂಸ್ಥೆಯಲ್ಲಿ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ. ಎಂ. ಚೆರಿಯನ್ ಅವರ ಮುಂದಾಳತ್ವದಲ್ಲಿ ಆರಂಭವಾಯಿತು. ಹೀಗಾಗಿ ಇಲ್ಲಿ ಈ ವೃತ್ತಿ ಬೆಳೆದದ್ದು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆ, ತೀವ್ರ ನಿಗಾ ಮೊದಲಾದ ವಿಭಾಗಗಳ ಆಸರೆಯಲ್ಲಿ. 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯ್ದೆಯು ತನ್ನ ಅನುಸೂಚಿಯಲ್ಲಿ ಫಿಜಿಷಿಯನ್ ಅಸೋಸಿಯೇಟ್ ಎಂಬ ಹೆಸರಿನಿಂದ ಈ ವೃತ್ತಿಯನ್ನು ಸೇರಿಸಿದೆ. ಆರೋಗ್ಯ ಆರೈಕೆ ವೃತ್ತಿಪರ ಎನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣವನ್ನು ಕಾಯ್ದೆ ವಿಧಿಸುತ್ತದೆ.

ಕರಾವಳಿಯ ಹಿನ್ನೆಲೆ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉತ್ತರ ಕನ್ನಡವು ಮುಂಬಯಿ ಆಡಳಿತಕ್ಕೆ ಸೇರಿತ್ತು. ಆ ಕಾಲದಲ್ಲಿ ಪೂರ್ಣ ಪದವಿಗಿಂತ ಕಿರಿದಾದ ಶಿಕ್ಷಣ ಪಡೆದ ಎಲ್.ಸಿ.ಪಿ.ಎಸ್. ವೈದ್ಯರೂ ಅವರ ಬಳಿ ಔಷಧಿ ಬೆರೆಸಿ ಕೊಡುತ್ತಿದ್ದ ಕಂಪೌಂಡರುಗಳೂ ಸಣ್ಣ ಊರುಗಳ ಚಿಕಿತ್ಸೆಗೆ ಆಧಾರವಾಗಿದ್ದರು. 1946ರಲ್ಲಿ ವರದಿ ನೀಡಿದ ಭೋರ್ ಸಮಿತಿಯು ಒಂದೇ ಮಟ್ಟದ ವೈದ್ಯ ಪದವಿ ಇರಬೇಕೆಂದು ಶಿಫಾರಸು ಮಾಡಿದ ಬಳಿಕ ಕಿರು ಶಿಕ್ಷಣದ ವೈದ್ಯರ ತರಬೇತಿ ಕ್ರಮೇಣ ನಿಂತಿತು. 1948ರ ಔಷಧಶಾಸ್ತ್ರ ಕಾಯ್ದೆಯು ಔಷಧಿ ಬೆರೆಸುವ ಕೆಲಸಕ್ಕೆ ನೋಂದಣಿಯ ವ್ಯವಸ್ಥೆ ತಂದಿತು. ವೈದ್ಯರ ಪಕ್ಕದಲ್ಲಿ ನಿಂತು ಕೆಲಸ ಕಲಿಯುವ ಹಳೆಯ ಪರಂಪರೆ ಹೀಗೆ ಕಾನೂನಿನ ಚೌಕಟ್ಟಿಗೆ ಒಳಪಟ್ಟಿತು.

ಇಂದು ಭಟ್ಕಳ, ಹೊನ್ನಾವರ ಮತ್ತು ಕುಮಟಾ ಮೂರೂ ಕಡೆ ತಾಲ್ಲೂಕು ಆಸ್ಪತ್ರೆಗಳಿವೆ. ಹೊನ್ನಾವರದ ಸೇಂಟ್ ಇಗ್ನೇಷಿಯಸ್ ಆಸ್ಪತ್ರೆ, ಮುರ್ಡೇಶ್ವರದ ಆರ್.ಎನ್.ಎಸ್. ಆಸ್ಪತ್ರೆ ಮೊದಲಾದ ಖಾಸಗಿ ಸಂಸ್ಥೆಗಳೂ ಇವೆ. ಜಿಲ್ಲಾ ಕೇಂದ್ರವಾದ ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿದೆ. ಆದರೂ ತಲೆಗೆ ತೀವ್ರ ಪೆಟ್ಟು, ಹೃದಯಾಘಾತ ಮುಂತಾದ ಸಂದರ್ಭಗಳಲ್ಲಿ ರೋಗಿಗಳನ್ನು ರಾಷ್ಟ್ರೀಯ ಹೆದ್ದಾರಿ 66ರ ಮೂಲಕ ಮಣಿಪಾಲ, ಮಂಗಳೂರುಗಳಿಗೋ, ಘಟ್ಟ ಹತ್ತಿ ಹುಬ್ಬಳ್ಳಿಗೋ, ಗೋವೆಗೋ ಸಾಗಿಸುವುದು ಸಾಮಾನ್ಯ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿ.ಮೀ.; ಕುಮಟಾದಿಂದ ಇನ್ನೂ ಸುಮಾರು 55 ಕಿ.ಮೀ. ಹೆಚ್ಚು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನ ಬಳಿ ಮಳೆಯಲ್ಲಿ ಜಾರಿ ಉರುಳಿ ನಾಲ್ವರು ಮೃತಪಟ್ಟರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಬಹುಕಾಲದ ಬೇಡಿಕೆ ಆ ದುರಂತದ ನಂತರ ಮತ್ತಷ್ಟು ಗಟ್ಟಿಯಾಯಿತು. ಈ ಭಾಗದಲ್ಲಿ ಆರೋಗ್ಯಸೇವೆಯನ್ನು ವೃತ್ತಿಯಾಗಿ ಆರಿಸಿಕೊಳ್ಳುವ ಯುವಜನರ ತಯಾರಿಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕಾಗುತ್ತದೆ.

ಅನುಭವದ ಬಗೆಗಳು

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಸಲ್ಲಿಸುವ ಕೇಂದ್ರೀಕೃತ ವ್ಯವಸ್ಥೆಯು ಅನುಭವವನ್ನು ವಿಂಗಡಿಸಿ ಕೇಳುತ್ತದೆ. ಈ ವಿಂಗಡಣೆಯು ಬೇರೆಡೆಯ ವಿದ್ಯಾರ್ಥಿಗಳಿಗೂ ಉಪಯುಕ್ತವಾಗಿದೆ.

ಮೊದಲನೆಯದು, ರೋಗಿಯ ನೇರ ಆರೈಕೆ. ನಾಡಿ, ರಕ್ತದೊತ್ತಡ, ಉಷ್ಣತೆ ಅಳೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಆಂಬುಲೆನ್ಸಿನಲ್ಲಿ ರೋಗಿಯನ್ನು ನೋಡಿಕೊಳ್ಳುವುದು ಈ ವರ್ಗಕ್ಕೆ ಸೇರುತ್ತವೆ. ಎರಡನೆಯದು, ಆರೋಗ್ಯ ಸಂಸ್ಥೆಯಲ್ಲಿ ರೋಗಿಯ ಚಿಕಿತ್ಸೆಗೆ ನೇರವಾಗಿ ಸಂಬಂಧಿಸದ ಕೆಲಸ: ಹೊರರೋಗಿ ಚೀಟಿ ಬರೆಯುವುದು, ಕಡತಗಳ ನಿರ್ವಹಣೆ, ಔಷಧಿ ದಾಸ್ತಾನಿನ ಲೆಕ್ಕ ಇತ್ಯಾದಿ. ಮೂರನೆಯದು ವೀಕ್ಷಣೆ, ಅಂದರೆ ವೈದ್ಯರ ಅಥವಾ ವೈದ್ಯ ಸಹಾಯಕರ ಜೊತೆಗಿದ್ದು ಅವರ ಕೆಲಸವನ್ನು ಗಮನಿಸುವುದು. ನಾಲ್ಕನೆಯದು ಸ್ವಯಂಸೇವೆ.

ಇವುಗಳಲ್ಲಿ ಮೊದಲನೆಯದಕ್ಕೆ ಹೆಚ್ಚಿನ ಮಹತ್ವವಿದೆ. ಕಾಲೇಜುಗಳು ಕೇಳುವ ಅವಧಿಯಲ್ಲಿ ಏಕರೂಪತೆಯಿಲ್ಲ. ಕೆಲವು 500 ಗಂಟೆ, ಕೆಲವು 1,000 ಅಥವಾ 2,000 ಗಂಟೆ ಕೇಳಿದರೆ, ಇನ್ನು ಕೆಲವು ಕಡ್ಡಾಯ ಮಾಡಿಲ್ಲ. ವಾರಕ್ಕೆ 8 ಗಂಟೆಯಂತೆ ವರ್ಷದ 50 ವಾರ ದುಡಿದರೆ 400 ಗಂಟೆಗಳಾಗುತ್ತವೆ. ಆ ಲೆಕ್ಕದಲ್ಲಿ 1,000 ಗಂಟೆಗೆ ಎರಡೂವರೆ ವರ್ಷ ಬೇಕು. ಆದ್ದರಿಂದ ಇದು ಕೊನೆಯ ರಜೆಯಲ್ಲಿ ಮುಗಿಸಬಹುದಾದ ಕೆಲಸವಲ್ಲ.

ಸ್ಥಳೀಯವಾಗಿ ಲಭ್ಯವಿರುವ ಮಾರ್ಗಗಳು

ಕಾಲೇಜು ವಿದ್ಯಾರ್ಥಿಗಳಿಗೆ ಸುಲಭವಾದ ಮೊದಲ ಹೆಜ್ಜೆ ರಾಷ್ಟ್ರೀಯ ಸೇವಾ ಯೋಜನೆ. 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ನಿಗದಿಯಾಗಿದೆ. ರಕ್ತದಾನ, ನೇತ್ರ ತಪಾಸಣೆ, ಲಸಿಕೆ ಮೊದಲಾದ ಶಿಬಿರಗಳಲ್ಲಿ ಜನರನ್ನು ಸಾಲಾಗಿ ಕೂರಿಸುವುದು, ಹೆಸರು ಬರೆಯುವುದು, ವೃದ್ಧರನ್ನು ಕೈಹಿಡಿದು ಕರೆತರುವುದು ಸಣ್ಣ ಕೆಲಸವೆಂದು ತೋರಿದರೂ, ಗಾಬರಿಗೊಂಡವರೊಡನೆ ಮಾತನಾಡುವ ರೀತಿ ಇಲ್ಲಿಯೇ ರೂಢಿಯಾಗುತ್ತದೆ. ರೆಡ್ ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ನೀಡುವ ಪ್ರಥಮ ಚಿಕಿತ್ಸೆಯ ತರಬೇತಿ ಎರಡನೆಯ ಹೆಜ್ಜೆ.

ವೇತನ ಸಹಿತ ಅನುಭವ ಬಯಸುವವರಿಗೆ ಕರ್ನಾಟಕದ ಅರೆವೈದ್ಯಕೀಯ ಮಂಡಳಿಯ ಅಧೀನದ ಡಿಪ್ಲೊಮಾ ಶಿಕ್ಷಣಗಳಿವೆ. ಪ್ರಯೋಗಾಲಯ, ಕ್ಷ-ಕಿರಣ, ಶಸ್ತ್ರಚಿಕಿತ್ಸಾ ಕೊಠಡಿ, ಡಯಾಲಿಸಿಸ್ ಮುಂತಾದ ವಿಭಾಗಗಳಲ್ಲಿ ತರಬೇತಾದವರು ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಬಹುದು. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ 108 ಆರೋಗ್ಯ ಕವಚ ಸೇವೆಯ ತುರ್ತು ವೈದ್ಯಕೀಯ ತಂತ್ರಜ್ಞರ ಕೆಲಸವೂ ಉತ್ತಮ ಪಾಠಶಾಲೆ. ದೂರದ ಆಸ್ಪತ್ರೆಯನ್ನೇ ನಂಬಬೇಕಾದ ಪ್ರದೇಶದಲ್ಲಿ, ದಾರಿಯುದ್ದಕ್ಕೂ ರೋಗಿಯ ಉಸಿರು ಮತ್ತು ನಾಡಿಯ ಮೇಲೆ ಕಣ್ಣಿಟ್ಟು ಕೂರುವ ಕೆಲಸ ಬೇರೆಲ್ಲೂ ಸಿಗದ ಶಿಕ್ಷಣ ನೀಡುತ್ತದೆ.

ಆಶಾ ಕಾರ್ಯಕರ್ತೆಯರು ಮತ್ತು ಕಿರಿಯ ಆರೋಗ್ಯ ಸಹಾಯಕಿಯರು ಮನೆಮನೆಗೆ ಭೇಟಿ ನೀಡುವಾಗ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಅನುಮತಿಯೊಂದಿಗೆ ಜೊತೆಗೆ ಹೋಗಿ ನೋಡುವುದೂ ಫಲಕಾರಿ. ಗರ್ಭಿಣಿಯರ ಆರೈಕೆ, ಕ್ಷಯರೋಗಿಗಳು ತಪ್ಪದೆ ಔಷಧಿ ಸೇವಿಸುವಂತೆ ನೋಡಿಕೊಳ್ಳುವುದು, ಘಟ್ಟದಂಚಿನ ಹಳ್ಳಿಗಳಲ್ಲಿ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯ ಬಗ್ಗೆ ಎಚ್ಚರಿಕೆ ನೀಡುವುದು ಇವೆಲ್ಲ ಆಸ್ಪತ್ರೆಯ ಗೋಡೆಗಳ ಹೊರಗೆ ನಡೆಯುವ ಕೆಲಸಗಳು.

ಭಾಷೆಯ ಪಾತ್ರ

ರೋಗದ ಪೂರ್ವವೃತ್ತಾಂತವನ್ನು ಕೇಳಿ ಬರೆದುಕೊಳ್ಳುವುದು ವೈದ್ಯ ಸಹಾಯಕರ ಮುಖ್ಯ ಕೆಲಸಗಳಲ್ಲಿ ಒಂದು. ಈ ಮೂರು ತಾಲ್ಲೂಕುಗಳಲ್ಲಿ ಕನ್ನಡದ ಜೊತೆಗೆ ಕೊಂಕಣಿ, ಭಟ್ಕಳದ ನವಾಯತಿ, ಉರ್ದು ಹಾಗೂ ಹಾಲಕ್ಕಿ ಒಕ್ಕಲಿಗರ ಕನ್ನಡ ಬಳಕೆಯಲ್ಲಿವೆ. ಎದೆ ಉರಿ, ಎದೆ ನೋವು, ಎದೆ ಹಿಡಿದಂತಾಗುವುದು ಇವುಗಳ ನಡುವಿನ ವ್ಯತ್ಯಾಸವನ್ನು ರೋಗಿಯ ಮಾತಿನಿಂದಲೇ ಅರಿಯಬೇಕಾಗುತ್ತದೆ. ಊರಿನ ಆಸ್ಪತ್ರೆಯಲ್ಲಿ ಕಳೆದ ದಿನಗಳು ಕಿವಿಯನ್ನು ಇದಕ್ಕೆ ಹದಗೊಳಿಸುತ್ತವೆ. ಪಠ್ಯಪುಸ್ತಕ ಇಂಗ್ಲಿಷಿನಲ್ಲಿದ್ದರೂ ರೋಗಿಯು ನೋವನ್ನು ಹೇಳಿಕೊಳ್ಳುವುದು ತನ್ನ ಮನೆಮಾತಿನಲ್ಲಿ.

ಸುರಕ್ಷತೆ ಮತ್ತು ಕಾನೂನಿನ ಮಿತಿ

ಅನುಭವದ ಹೆಸರಿನಲ್ಲಿ ತರಬೇತಿಯಿಲ್ಲದವರು ಚುಚ್ಚುಮದ್ದು ನೀಡುವುದು, ಹೊಲಿಗೆ ಹಾಕುವುದು, ಔಷಧಿ ಬರೆಯುವುದು ರೋಗಿಗೂ ಕಲಿಯುವವರಿಗೂ ಅಪಾಯಕಾರಿ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೆಯ ಕಲಮಿನ ಪ್ರಕಾರ, ಅರ್ಹತೆಯಿಲ್ಲದೆ ವೈದ್ಯವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪರಿಚಿತ ಚಿಕಿತ್ಸಾಲಯದವರು ಸಲಿಗೆಯಿಂದ ಅವಕಾಶ ಕೊಟ್ಟರೂ ಅದನ್ನು ನಿರಾಕರಿಸುವುದೇ ಈ ವೃತ್ತಿಯ ಮೊದಲ ಪಾಠ.

ಆಸ್ಪತ್ರೆಯಲ್ಲಿ ಓಡಾಡಲು ತೊಡಗುವ ಮುನ್ನ ಹೆಪಟೈಟಿಸ್ ಬಿ ಲಸಿಕೆಯನ್ನು ಪಡೆಯಬೇಕು. ಇದನ್ನು ಸಾಮಾನ್ಯವಾಗಿ ಆರಂಭದಲ್ಲಿ, ಒಂದು ತಿಂಗಳ ಬಳಿಕ ಹಾಗೂ ಆರು ತಿಂಗಳ ಬಳಿಕ ಹೀಗೆ ಮೂರು ಬಾರಿ ನೀಡುತ್ತಾರೆ. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳಂತೆ ರಕ್ತ ಹತ್ತಿದ ಹತ್ತಿ, ಪಟ್ಟಿಗಳು ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ನಳಿಕೆಗಳು ಕೆಂಪು ಚೀಲಕ್ಕೆ, ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿ ಗುರುತಿನ ಪೆಟ್ಟಿಗೆಗೆ ಸೇರಬೇಕು. ರೋಗಿಯ ಹೆಸರು, ಕಾಯಿಲೆ, ಛಾಯಾಚಿತ್ರಗಳನ್ನು ಹೊರಗೆ ಹಂಚಿಕೊಳ್ಳಬಾರದು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರುಗಳಲ್ಲಿ ಈ ನಿಯಮಕ್ಕೆ ಹೆಚ್ಚಿನ ಬೆಲೆಯಿದೆ.

ಅನುಭವದ ದಾಖಲೆ

ದಿನಾಂಕ, ಸ್ಥಳ, ವಿಭಾಗ, ಕಳೆದ ಗಂಟೆಗಳು, ಮಾಡಿದ ಕೆಲಸ, ಮೇಲ್ವಿಚಾರಕರ ಸಹಿ ಇವುಗಳನ್ನೊಳಗೊಂಡ ದಿನಚರಿ ಪುಸ್ತಕವನ್ನು ಅಂದಂದೇ ಬರೆದಿಡುವುದು ಒಳ್ಳೆಯದು. ಅದರಲ್ಲಿ ರೋಗಿಗಳ ಹೆಸರು ಇರಕೂಡದು. ಸಂಸ್ಥೆಯ ಮುದ್ರೆಯುಳ್ಳ ಪ್ರಮಾಣಪತ್ರವನ್ನು ಕೆಲಸ ಮುಗಿದ ಕೂಡಲೇ ಪಡೆಯಬೇಕು. ಅಧಿಕಾರಿಗಳು ವರ್ಗವಾದ ಮೇಲೆ ಅದನ್ನು ಪಡೆಯುವುದು ಕಷ್ಟ. ನೋಡಿದ ಗಂಟೆಗಳನ್ನು ಮಾಡಿದ ಗಂಟೆಗಳೆಂದು ಬರೆಯುವುದು ಸಂದರ್ಶನದಲ್ಲಿ ಬಯಲಾಗುತ್ತದೆ.

ಆಯ್ಕೆಗೆ ಮುನ್ನ ಗಮನಿಸಬೇಕಾದ ಅಂಶಗಳು

ವೈದ್ಯ ಸಹಾಯಕರು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಕೆಲಸ ಮಾಡುತ್ತಾರೆ. ಈ ಪದವಿ ಪಡೆದು ಊರಿಗೆ ಮರಳಿ ಸ್ವಂತ ಚಿಕಿತ್ಸಾಲಯ ತೆರೆಯಬಹುದೆಂಬ ಭಾವನೆ ಸರಿಯಲ್ಲ. ಉದ್ಯೋಗಾವಕಾಶಗಳು ಹೆಚ್ಚಾಗಿ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿವೆ. ಊರಿನಲ್ಲಿಯೇ ನೆಲೆಸಿ ಸೇವೆ ಸಲ್ಲಿಸಬಯಸುವವರಿಗೆ ನರ್ಸಿಂಗ್ ಪದವಿಯ ಬಳಿಕ ಆರು ತಿಂಗಳ ಸಮುದಾಯ ಆರೋಗ್ಯ ತರಬೇತಿ ಪಡೆದು, ಉಪಕೇಂದ್ರ ಮಟ್ಟದ ಕ್ಷೇಮ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗುವ ಮಾರ್ಗವು ಹೆಚ್ಚು ಸೂಕ್ತವಾಗಬಹುದು.

ವಿದೇಶದ ಆಸೆಯುಳ್ಳವರೂ ವಿವರಗಳನ್ನು ಮೊದಲೇ ತಿಳಿದುಕೊಳ್ಳಬೇಕು. ಅಮೆರಿಕದಲ್ಲಿ ವೃತ್ತಿ ಪರೀಕ್ಷೆಗೆ ಕುಳಿತುಕೊಳ್ಳಲು ಅಲ್ಲಿಯೇ ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದಿರಬೇಕು. ಭಾರತದ ವೈದ್ಯ ಸಹಾಯಕ ಪದವಿಯೊಂದೇ ಸಾಲದು. ಬ್ರಿಟನ್ನಿನಲ್ಲಿ 2024ರ ಡಿಸೆಂಬರಿನಿಂದ ಈ ವೃತ್ತಿಯು ಜನರಲ್ ಮೆಡಿಕಲ್ ಕೌನ್ಸಿಲ್ಲಿನ ನಿಯಂತ್ರಣಕ್ಕೆ ಬಂದಿದೆ. ರೋಗಿಗಳು ತಮ್ಮನ್ನು ನೋಡುತ್ತಿರುವವರು ವೈದ್ಯರೆಂದೇ ತಪ್ಪು ತಿಳಿಯಬಾರದೆಂಬ ಕಾರಣಕ್ಕೆ, 2025ರ ಲೆಂಗ್ ವರದಿಯು 'ಅಸೋಸಿಯೇಟ್' ಎಂಬ ಪದನಾಮವನ್ನು ಮತ್ತೆ 'ಅಸಿಸ್ಟೆಂಟ್' ಎಂದು ಬದಲಿಸುವಂತೆ ಅಲ್ಲಿ ಶಿಫಾರಸು ಮಾಡಿತು.

ರಾತ್ರಿ ಪಾಳಿ, ರಕ್ತ, ಮರಣ, ಸಂಬಂಧಿಕರ ಆಕ್ರೋಶ ಇವುಗಳ ನಡುವೆಯೂ ಈ ಕೆಲಸದಲ್ಲಿ ಮನಸ್ಸು ನಿಲ್ಲುವುದೋ ಇಲ್ಲವೋ ಎಂಬುದು ಕೆಲವು ವಾರಗಳ ಪೂರ್ವಾನುಭವದಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ. ಇದು ತನಗೆ ಒಗ್ಗದೆಂದು ಕಂಡುಕೊಂಡ ವಿದ್ಯಾರ್ಥಿಗೂ ಆ ವಾರಗಳು ನಷ್ಟವಲ್ಲ. ನಾಲ್ಕು ವರ್ಷಗಳ ಅವಧಿಯೂ ಮನೆಯವರು ಹೊಂದಿಸುವ ಶುಲ್ಕವೂ ಅದರಿಂದ ಉಳಿಯುತ್ತವೆ.