ಪುಷ್ಯ ಮಳೆಯ ಲೆಕ್ಕ ಯಾರ ಖಾತೆಗೆ?

ಹಾಸನ ಜಿಲ್ಲೆಯಲ್ಲಿ 2023ರ ಮುಂಗಾರು ಕೈಕೊಟ್ಟು, ಮರುವರ್ಷ ಜುಲೈನಲ್ಲೇ ಗೊರೂರಿನ ಹೇಮಾವತಿ ಜಲಾಶಯ ತುಂಬಿ ಹೊಳೆನರಸೀಪುರದ ಕಡೆಗೆ ನೀರು ಹರಿದಾಗ, ಈ ಏರುಪೇರಿಗೆ ಹವಾಮಾನ ಬದಲಾವಣೆಯೇ ಕಾರಣವೇ ಎಂಬ ಪ್ರಶ್ನೆ ಏಳುವುದು ಸಹಜ. ಒಂದು ಮಳೆಗಾಲದ ಹೊಣೆಯನ್ನು ಒಂದೇ ಕಾರಣದ ಮೇಲೆ ಹೊರಿಸಲು ಬಾರದು. ಆದರೆ ಅಂಥ ಮಳೆಯ ಸಂಭವ ಎಷ್ಟು ಪಟ್ಟು ಹೆಚ್ಚಿತು, ಬಿದ್ದ ನೀರಿನಲ್ಲಿ ಭೂತಾಪದ ಪಾಲೆಷ್ಟು ಎಂದು ಅಂದಾಜು ಮಾಡಬಹುದು.

ರೈತರು ಗೊಬ್ಬರ ಹಾಕಿದ ಮಡಿಯನ್ನೂ ಹಾಕದ ಮಡಿಯನ್ನೂ ಅಕ್ಕಪಕ್ಕ ಬೆಳೆಸಿ ಇಳುವರಿ ನೋಡುವಂತೆ, ವಿಜ್ಞಾನಿಗಳು ಇಂದಿನ ಬಿಸಿಯಾದ ಭೂಮಿಯನ್ನೂ ಕಲ್ಲಿದ್ದಲು, ತೈಲಗಳ ಹೊಗೆ ಸೇರದಿದ್ದ ಭೂಮಿಯನ್ನೂ ಕಂಪ್ಯೂಟರಿನಲ್ಲಿ ರೂಪಿಸಿ, ಎರಡರಲ್ಲೂ ಅದೇ ಬಗೆಯ ಘಟನೆ ಎಷ್ಟು ಸಲ ಬರುತ್ತದೆಂದು ಎಣಿಸುತ್ತಾರೆ. 2003ರ ಯುರೋಪಿನ ಬಿಸಿಗಾಳಿಯ ಸಂಭವವನ್ನು ಮನುಷ್ಯನ ಚಟುವಟಿಕೆ ಕನಿಷ್ಠ ಇಮ್ಮಡಿಗೊಳಿಸಿತ್ತೆಂದು 2004ರಲ್ಲಿ ತೋರಿಸಿದ ಅಧ್ಯಯನ ಈ ಮಾರ್ಗಕ್ಕೆ ನಾಂದಿ ಹಾಡಿತು.

ಮಳೆಯ ಮಟ್ಟಿಗೆ ಮೂಲ ನಿಯಮ ಸರಳ: ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 2024ರ ಪುಷ್ಯ ಮಳೆಯಲ್ಲಿ, ಜುಲೈ 30ರಂದು, ವಯನಾಡಿನ ಗುಡ್ಡ ಕುಸಿಯಲು ಕಾರಣವಾದ ಮಳೆ ಭೂತಾಪದಿಂದ ಸುಮಾರು ಶೇ 10ರಷ್ಟು ಬಿರುಸಾಗಿತ್ತೆಂದು ವರ್ಲ್ಡ್ ವೆದರ್ ಅಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡ ಅಂದಾಜಿಸಿತು; ಗುಡ್ಡಗಾಡಿನ ಸಣ್ಣ ಪ್ರದೇಶವಾದ್ದರಿಂದ ಲೆಕ್ಕದಲ್ಲಿ ಅನಿಶ್ಚಿತತೆ ಹೆಚ್ಚೆಂದೂ ಅದೇ ತಂಡ ಹೇಳಿತು.

ಆ ಅಂಕಿಯನ್ನು ಹಾಸನ ಜಿಲ್ಲೆಯ ಅರಕಲಗೂಡಿಗೆ ಹಾಗೆಯೇ ಅನ್ವಯಿಸಲಾಗದು. ಸಕಲೇಶಪುರದ ಘಟ್ಟದಂಚಿನಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ, ಘಟ್ಟದ ಮರೆಯಲ್ಲಿರುವ ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ 700ರ ಆಸುಪಾಸಿಗೆ ಇಳಿಯುತ್ತದೆ; ಜಾಗತಿಕ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಹಂಚುವ ಒಂದೊಂದು ಚೌಕದೊಳಗೆ ಇಂಥ ವ್ಯತ್ಯಾಸಗಳು ಕರಗಿಹೋಗುತ್ತವೆ. ಬರದ ವಿಚಾರ ಇನ್ನೂ ಜಟಿಲ: 2023ರ ಆಗಸ್ಟ್ 1901ರಿಂದೀಚೆಗೆ ದೇಶದ ಅತಿ ಒಣ ಆಗಸ್ಟ್ ಆಗಲು ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ಮುಖ್ಯವಾಗಿ ಕಾರಣವಾಯಿತಾದರೂ, ಹೆಚ್ಚಿದ ಸೆಕೆ ನೆಲದ ತೇವವನ್ನು ಬೇಗ ಹೀರುವುದರಲ್ಲಿ ಭೂತಾಪದ ಪಾತ್ರ ಖಚಿತ.

ರೈತರ ನಷ್ಟವಾದರೋ ಮಳೆಯ ಮೊತ್ತಕ್ಕಿಂತ ಅದರ ಸರದಿಯನ್ನು ಅವಲಂಬಿಸಿದೆ. ಮುಂಗಾರಿನ ಮೊದಲ ಹದಕ್ಕೆ ಬಿತ್ತಿದ ಆಲೂಗಡ್ಡೆಯ ಎಲೆ, ಮೋಡ ಕವಿದ ತಂಪಿನಲ್ಲಿ ಗಂಟೆಗಟ್ಟಲೆ ಒದ್ದೆಯಾಗಿಯೇ ಉಳಿದರೆ, ಅಡಿಭಾಗದಲ್ಲಿ ಬಿಳಿ ಬೂಷ್ಟು ಕಾಣಿಸಿಕೊಂಡು, ಅಂಗಮಾರಿ ರೋಗ ಕೆಲವೇ ದಿನಗಳಲ್ಲಿ ಇಡೀ ಹೊಲವನ್ನು ಕಪ್ಪಾಗಿಸುತ್ತದೆ. ಮಳೆಯ ಈ ಸರದಿಯನ್ನು ಅಳೆಯಲು ವರ್ಷದ ಸರಾಸರಿ ಸಾಲದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟಿರುವ ಸ್ವಯಂಚಾಲಿತ ಮಳೆಮಾಪಕಗಳ ದಾಖಲೆ ದಶಕಗಳ ಕಾಲ ಕಡಿಯದೆ ಮುಂದುವರಿದರೆ ಮಾತ್ರ ಜಿಲ್ಲೆಯ ಒಂದೊಂದು ತಾಲ್ಲೂಕಿಗೂ ಪ್ರತ್ಯೇಕ ಉತ್ತರ ಸಿಕ್ಕೀತು.