ನಾಲ್ಕು ಕೋಟಿ ಅಂಕಿಗಳ ಅವಿಭಾಜ್ಯ: ನಂಬಿಕೆ ಎಷ್ಟು, ನಿಜ ಎಷ್ಟು?

13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಕೊನೆಗೆ 1 ಕಳೆಯಿರಿ. ಬರುವ ಉತ್ತರದಲ್ಲಿ 4,10,24,320 ಅಂಕಿಗಳಿರುತ್ತವೆ. ಅದು ಅವಿಭಾಜ್ಯ ಸಂಖ್ಯೆ ಎಂಬುದನ್ನು 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಪತ್ತೆಮಾಡಿದರು. ಇಂಥ ಸಂಖ್ಯೆಗಳನ್ನು ಹುಡುಕಲೆಂದೇ 1996ರಲ್ಲಿ ಶುರುವಾದ 'ಜಿಂಪ್ಸ್' ಎಂಬ ಸ್ವಯಂಸೇವಕರ ಯೋಜನೆಯ ಫಲ ಇದು. ಸುದ್ದಿಯ ಜೊತೆಗೆ ಕೆಲವು ತಪ್ಪು ತಿಳಿವಳಿಕೆಗಳೂ ಹರಡಿವೆ.

ತಪ್ಪು ಕಲ್ಪನೆ: ಇದಕ್ಕಿಂತ ದೊಡ್ಡ ಅವಿಭಾಜ್ಯ ಇಲ್ಲ.
ಸತ್ಯ: ಆಗ ಗೊತ್ತಿದ್ದವುಗಳಲ್ಲಿ ಇದು ದೊಡ್ಡದು, ಅಷ್ಟೆ. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ಸುಮಾರು 2,300 ವರ್ಷಗಳ ಹಿಂದೆಯೇ ಸಾಧಿಸಿದ್ದ.

ತಪ್ಪು ಕಲ್ಪನೆ: ಇದರೊಳಗಿನ ಅವಿಭಾಜ್ಯಗಳೆಲ್ಲ ನಮಗೆ ಗೊತ್ತು.
ಸತ್ಯ: ಹಿಂದಿನ ದಾಖಲೆ 2018ರದು, ಅದರಲ್ಲಿ 2,48,62,048 ಅಂಕಿಗಳಿದ್ದವು. 1ಕ್ಕಿಂತ ದೊಡ್ಡದಾದ ಯಾವುದೇ ಸಂಖ್ಯೆಗೂ ಅದರ ಇಮ್ಮಡಿಗೂ ನಡುವೆ ಒಂದಾದರೂ ಅವಿಭಾಜ್ಯ ಇದ್ದೇ ಇರುತ್ತದೆ ಎಂಬುದು ಬರ್ಟ್ರಾಂಡನ ಊಹೆ. ಅದನ್ನು ಮೊದಲು ಸಾಧಿಸಿದವನು ಚೆಬಿಶೆವ್. 1919ರಲ್ಲಿ ನಮ್ಮ ರಾಮಾನುಜನ್ ಇನ್ನೂ ಸರಳವಾದ ಸಾಧನೆ ಕೊಟ್ಟರು. ಹಿಂದಿನ ದಾಖಲೆಯಿಂದ ಹೊಸದನ್ನು ಮುಟ್ಟಲು 5 ಕೋಟಿಗೂ ಹೆಚ್ಚು ಸಲ ಇಮ್ಮಡಿಸಬೇಕು; ಹಾಗಾಗಿ ಬರ್ಟ್ರಾಂಡನ ಮಾತಿನ ಪ್ರಕಾರ ಎರಡು ದಾಖಲೆಗಳ ನಡುವೆ ಕಡಿಮೆಯೆಂದರೂ 5 ಕೋಟಿ ಅವಿಭಾಜ್ಯಗಳಿವೆ. ಹೊಸದು ಸಿಕ್ಕಾಗ ಅವುಗಳಲ್ಲಿ ಒಂದೂ ನಮಗೆ ಗೊತ್ತಿರಲಿಲ್ಲ!

ತಪ್ಪು ಕಲ್ಪನೆ: ಘಾತ ಅವಿಭಾಜ್ಯವಾಗಿದ್ದರೆ ಸಾಕು, 2ರ ಆ ಘಾತದಿಂದ 1 ಕಳೆದಾಗ ಬರುವುದೂ ಅವಿಭಾಜ್ಯವೇ.
ಸತ್ಯ: 11 ಅವಿಭಾಜ್ಯ. ಆದರೆ 2ರ 11ನೇ ಘಾತದಿಂದ 1 ಕಳೆದರೆ ಬರುವ 2047, 23 ಮತ್ತು 89ರ ಗುಣಲಬ್ಧ. ಇಂಥ ಸಂಖ್ಯೆಗಳಿಗೆ ಹೆಸರು ಕೊಟ್ಟ ಫ್ರಾನ್ಸಿನ ಪಾದ್ರಿ ಮರ್ಸೆನ್ ಕೂಡ 1644ರ ತನ್ನ ಪಟ್ಟಿಯಲ್ಲಿ 67ನ್ನು ಸೇರಿಸಿ ಎಡವಿದ್ದ. 2024ರದೂ ಸೇರಿ ಆವರೆಗೆ ಸಿಕ್ಕ ಮರ್ಸೆನ್ ಅವಿಭಾಜ್ಯಗಳು 52 ಮಾತ್ರ.

ತಪ್ಪು ಕಲ್ಪನೆ: ಎಲ್ಲ ಸಂಖ್ಯೆಗಳಿಂದಲೂ ಭಾಗಿಸಿ ನೋಡಿ ಪರೀಕ್ಷಿಸುತ್ತಾರೆ.
ಸತ್ಯ: ಅದು ಯಾವ ಕಂಪ್ಯೂಟರಿಗೂ ಆಗದ ಕೆಲಸ. ಮರ್ಸೆನ್ ಸಂಖ್ಯೆಗಳಿಗೆ ಲ್ಯೂಕಾಸ್–ಲೆಹ್ಮರ್ ಪರೀಕ್ಷೆ ಇದೆ. 4ರಿಂದ ಶುರುಮಾಡಿ, ಪ್ರತಿ ಸಲ ವರ್ಗ ಮಾಡಿ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಬೇಕು. 31ಕ್ಕೆ (2ರ 5ನೇ ಘಾತದಿಂದ 1 ಕಳೆದದ್ದು) ಹೀಗೆ ಮಾಡಿದರೆ 4, 14, 8, 0. ಘಾತಕ್ಕಿಂತ ಎರಡು ಕಡಿಮೆ ಹೆಜ್ಜೆಗಳ ನಂತರ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. ದಾಖಲೆಯ ಪಟ್ಟಿಯಲ್ಲಿ ಮರ್ಸೆನ್ ಸಂಖ್ಯೆಗಳೇ ಮೇಲಿರುವುದು ಈ ಸುಲಭ ಪರೀಕ್ಷೆಯಿಂದಾಗಿ.

ತಪ್ಪು ಕಲ್ಪನೆ: ಬ್ಯಾಂಕಿನ ಗುಪ್ತಸಂಕೇತಕ್ಕೆ ಇದು ಬೇಕು.
ಸತ್ಯ: 2,048 ಬಿಟ್‌ನ ಆರ್‌ಎಸ್‌ಎ ಕೀಲಿಗೆ ಸುಮಾರು 300 ಅಂಕಿಗಳ ಎರಡು ಅವಿಭಾಜ್ಯಗಳು ಸಾಕು, ಅವು ಯಾರಿಗೂ ತಿಳಿದಿರಬಾರದು. ಜಗತ್ತಿಗೆಲ್ಲ ಗೊತ್ತಿರುವ ಸಂಖ್ಯೆ ಗುಟ್ಟಿಗೆ ಬಾರದು.

ಹಾಗೆಂದು ಅವಿಭಾಜ್ಯಗಳ ಲೆಕ್ಕಾಚಾರ ವ್ಯರ್ಥವಲ್ಲ. 1994ರಲ್ಲಿ ಅವಳಿ ಅವಿಭಾಜ್ಯಗಳ (2ರ ಅಂತರವಿರುವ ಜೋಡಿಗಳ) ಲೆಕ್ಕ ಹಾಕುತ್ತಿದ್ದ ಗಣಿತಜ್ಞ ಥಾಮಸ್ ನೈಸ್ಲಿಗೆ ಉತ್ತರಗಳು ತಾಳೆಯಾಗಲಿಲ್ಲ. ಇಂಟೆಲ್ ಪೆಂಟಿಯಂ ಚಿಪ್ಪಿನ ಭಾಗಾಕಾರದಲ್ಲಿದ್ದ ದೋಷ ಬಯಲಿಗೆ ಬಂದದ್ದು ಹಾಗೆ.